ಯಾರೂ ಬಾರದ ಮೇಜು

“ಬಾವಿ ಕಟ್ಟೆ ಮೇಲೆ ಹಗ್ಗ ಇರ್ಬೇಕು, ಅಮ್ಮಾ. ಹಗ್ಗಾನ ಅಟ್ಟದ ಮೇಲಿನ ಪೆಟ್ಟಿಗೇಲಿ ಹಾಕಿ, ಪೆಟ್ಟಿಗೆ ಮೇಲೆ ಹಳೇ ಚಾಪೆ ಹೊದಿಸಿ, ‘ನಮ್ಮನೇಲಿ ಹಗ್ಗ ಇದೆಯಲ್ಲ, ಬಿದ್ದೋರು ಯಾರೂ ಕೇಳ್ಲೇ ಇಲ್ಲ’ ಅಂದ್ರೆ ಏನು ಹೇಳೋದು? ಬಿದ್ದೋನಿಗೆ ಅಟ್ಟ ಹತ್ತೋಕೆ ಆಗತ್ತಾ? ಗೊತ್ತಿರೋನಿಗೆ ಎಲ್ಲಿಟ್ರೂ ಸಿಗತ್ತೆ, ಅವನ ವಿಷಯ ಬಿಡಿ. ಗೊತ್ತಿಲ್ಲದೋನಿಗೆ, ಅದೂ ಗಾಬರಿಯಾಗಿರೋನಿಗೆ, ಕಣ್ಣು ಬಿಟ್ಟ ಕೂಡ್ಲೇ ಎದುರಿಗೇ ಕಾಣ್ಬೇಕು. ಕಂಪ್ಯೂಟರಲ್ಲಿ ಮಿಕ್ಕಿದ್ದೆಲ್ಲ ಬೇಕಾದ್ರೆ ಬಚ್ಚಿಟ್ಕೊಳ್ಲಿ. ಸಹಾಯ ಅನ್ನೋದು ಬಚ್ಚಿಟ್ಕೋಬಾರ್ದು.”

ನನಗೆ ಹೀಗೆ ಹೇಳುವಾಗ ಅವರ ಎಡಗೈಯಲ್ಲಿ ಚಹಾದ ಲೋಟ, ಬಲಗೈ ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ಎಂದೋ ಮುರಿದು ಕೂಡಿದ ಆ ಕೈ ಪೂರ್ತಿ ಮಡಚುತ್ತಿರಲಿಲ್ಲ. ನಡೆಯುವಾಗಲೂ ಅದು ಅವರಿಗಿಂತ ಒಂದು ಗೇಣು ಮುಂದೆ, ದಾರಿ ತೋರಿಸುವವರ ಹಾಗೆ, ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಅದಕ್ಕೇ ಕಚೇರಿಯವರು ಅವರಿಗೆ ಇಟ್ಟ ಹೆಸರು ಕೈಮರ. ಬೆನ್ನ ಹಿಂದಿನ ಹೆಸರು ಅದು. ಎದುರಿಗೆ ಎಲ್ಲರಿಗೂ ಮೇಡಂ, ನನಗೆ ಮೇಡಮ್ಮ.

ನಾನು ಆ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ನೆಲ ಒರೆಸುವವಳು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಆದರೆ ಕಿವಿ ಚುರುಕು, ಮತ್ತು ನೆಲ ಒರೆಸುವವಳು ಬಂದಳೆಂದು ಯಾರೂ ಆಡುತ್ತಿದ್ದ ಮಾತು ನಿಲ್ಲಿಸುವುದಿಲ್ಲ.

ನಮ್ಮದು ಹುಟ್ಟು ಸಾವುಗಳನ್ನು ದಾಖಲಿಸುವ ಕಚೇರಿ. ಮೂರು ಮಹಡಿ, ನೂರನಲವತ್ತು ಕಂಪ್ಯೂಟರು. ಆ ಪರದೆಗಳ ಮೇಲೆ ಯಾವುದು ಎಲ್ಲಿರಬೇಕೆಂದು ತೀರ್ಮಾನಿಸುವವರು ಮೇಲಿನ ಮಹಡಿಯ ಎಂಜಿನಿಯರುಗಳು. ಕೆಲಸ ತೋಚದೆ ಕೈಕಟ್ಟಿ ಕುಳಿತವರಿಗಾಗಿ, ಹೆಸರು ತಪ್ಪಾದರೆ ಹೇಗೆ ತಿದ್ದಬೇಕು, ಅವಳಿ ಮಕ್ಕಳನ್ನು ಹೇಗೆ ದಾಖಲಿಸಬೇಕು ಎಂದು ಒಂದೊಂದಾಗಿ ಬರೆದು ಕಂಪ್ಯೂಟರಿನೊಳಗೆ ಇಡುವುದು ಅದೇ ಮಹಡಿಯ ಮೇಡಮ್ಮನ ಕೆಲಸ. ಒಂಬತ್ತು ವರ್ಷ ಬರೆದಿದ್ದರು. ಬರೆದದ್ದೆಲ್ಲ ಎಲ್ಲಿತ್ತು ಗೊತ್ತೇ? ಮೂಲೆಯ ಮೆನು ಒತ್ತಿದರೆ ಇಳಿಯುವ ಪಟ್ಟಿಯಲ್ಲಿ ‘ಉಪಕರಣಗಳು’, ಅದರೊಳಗೆ ‘ವ್ಯವಸ್ಥೆ’, ಅದರೊಳಗೆ ‘ಇತರೆ’, ಅದರ ನಟ್ಟನಡುವೆ ‘ಕೈಪಿಡಿ ವೀಕ್ಷಕ’. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಅಡಗಿಸಿಟ್ಟ ರಕ್ಕಸನೂ ಇಷ್ಟು ಮುತುವರ್ಜಿ ವಹಿಸಿರಲಾರ.

ಹಾಗಾಗಿ ಜನ ಏನು ಮಾಡುತ್ತಿದ್ದರೆಂದರೆ, ಮೆಟ್ಟಿಲು ಹತ್ತಿ ಅವರ ಮೇಜಿಗೇ ಬರುತ್ತಿದ್ದರು. ಬಂದವರು ಬಾಯಿ ತೆರೆಯುವ ಮೊದಲೇ ಅವರದೊಂದು ಪ್ರಶ್ನೆ: “ಇರ್ಲಿ, ಮೊದಲು ಎಲ್ಲಿ ಹುಡುಕಿದ್ರಿ?” ಉತ್ತರವನ್ನು ಬೆರಳುದ್ದದ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಅಂಥ ಮೋಟು ಪೆನ್ಸಿಲುಗಳನ್ನು ತುಂಬಿ ತುಂಬಿಯೇ ಅವರ ಬೂದು ಕೋಟಿನ ಬಲಜೇಬು ಹರಿದು, ದಾರದಲ್ಲಿ ಮೂರು ಸಲ ಹೊಲಿಸಿಕೊಂಡು ಜೋತಾಡುತ್ತಿತ್ತು. ಆಮೇಲೆ ಬಂದವರ ಜೊತೆ ಕೆಳಗಿಳಿದು ಅವರ ಕಂಪ್ಯೂಟರಿನ ಮುಂದೆ ನಿಲ್ಲುತ್ತಿದ್ದರು. ಮೌಸನ್ನು ಮಾತ್ರ ಜಪ್ಪಯ್ಯ ಅಂದರೂ ಮುಟ್ಟುತ್ತಿರಲಿಲ್ಲ. “ನಾನು ಮಾಡಿದ್ರೆ ನನಗೆ ಬಂದ ಹಾಗಾಯ್ತು, ನಿಮಗಲ್ಲ.”

ಒಮ್ಮೆ ಅಡುಗೆಕೋಣೆಯಲ್ಲಿ ನನ್ನ ಬೆರಳು ಕುಯ್ದಾಗ ಔಷಧದ ಡಬ್ಬಿ ಉಗ್ರಾಣದ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ರಜೆಯ ಮೇಲಿದ್ದ ಉಗ್ರಾಣದವರ ಜೇಬಿನಲ್ಲಿತ್ತು. ಮರುದಿನವೇ ಮೇಡಮ್ಮ ಬಡಗಿಯನ್ನು ಕರೆಸಿ ಡಬ್ಬಿಯನ್ನು ನಲ್ಲಿಯ ಪಕ್ಕದ ಗೋಡೆಗೆ ಜಡಿಸಿದರು. ಸಂಜೆ ಅವರನ್ನು ಕರೆದೊಯ್ಯಲು ಬರುತ್ತಿದ್ದ ಅವರ ಯಜಮಾನರು, ಬಸ್ಸು ಓಡಿಸುವವರು, ಇದನ್ನು ಕೇಳಿ ನಕ್ಕಿದ್ದರು: “ಅಜ್ಜೀ, ನೀವು ಪುಣ್ಯವಂತ್ರು. ನಮ್ಮನೇಲಿ ಉಪ್ಪಿನ ಡಬ್ಬ ಒಂದಂಗುಲ ಸರಿದ್ರೆ ಆವತ್ತು ಪಂಚಾಯ್ತಿ.”

ಹೀಗಿರುವಾಗ ಆ ಸಭೆ ನಡೆಯಿತು. ಎಂಜಿನಿಯರುಗಳ ಮುಖ್ಯಸ್ಥರೊಬ್ಬರಿದ್ದರು, ಏನು ಕೇಳಿದರೂ “ಮೂರು ಸೆಕೆಂಡಲ್ಲಿ ಸಿಗತ್ತೆ” ಎನ್ನುತ್ತಿದ್ದುದರಿಂದ ಅವರಿಗೆ ಮೂರು ಸೆಕೆಂಡಿನವರು ಎಂದೇ ಹೆಸರು. ಲೋಟಗಳನ್ನು ಎತ್ತಲು ನಾನು ಒಳಗೆ ಹೋದಾಗ ಅವರು ದೊಡ್ಡ ಸಾಹೇಬರಿಗೆ ಲೆಕ್ಕ ಒಪ್ಪಿಸುತ್ತಿದ್ದರು.

“ಇಡೀ ವರ್ಷದಲ್ಲಿ, ನೂರನಲವತ್ತು ಕಂಪ್ಯೂಟರಲ್ಲಿ, ಆ ಕೈಪಿಡಿ ವೀಕ್ಷಕಾನ ತೆರೆದಿರೋದು ನಲವತ್ತೊಂದು ಸಲ ಸಾರ್. ಯಾರಿಗೂ ಬೇಡ. ತೆಗೆದುಬಿಡೋಣ.”

ಅದನ್ನು ತೆಗೆದರೆ ಮೇಡಮ್ಮನ ಮೇಜೂ ಎದ್ದು ಹೋಗುತ್ತದೆ, ಅವರನ್ನು ಕೆಳಗೆ ಕಡತದ ಉಗ್ರಾಣಕ್ಕೆ ಕಳಿಸುತ್ತಾರೆಂದು ನನಗೆ ಆಗಲೇ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಲೆಕ್ಕವನ್ನೇ ಸುಳ್ಳೆನ್ನುತ್ತಿದ್ದರು. ಈ ಪುಣ್ಯಾತ್ಗಿತ್ತಿ ಎದ್ದುನಿಂತು, “ಅದರಲ್ಲಿ ಮೂವತ್ತು ಸಲ ತೆರೆದಿದ್ದು ನಾನೇ ಸಾರ್, ತಪ್ಪು ತಿದ್ದೋಕೆ” ಎಂದುಬಿಟ್ಟರು!

“ಹಾಗಾದ್ರೆ ಹನ್ನೊಂದೇ ಸಲ!” ಎಂದರು ಮೂರು ಸೆಕೆಂಡಿನವರು.

“ಹೌದು. ಯಾಕೆ ಅಂತ ನೋಡೋಣ. ಯಾರಾದ್ರೂ ಹುಡುಕಿ ತೋರಿಸ್ಲಿ.”

“ಅದೇನು ಮಹಾ, ನಾನೇ ತೋರಿಸ್ತೀನಿ. ಮೂರು—”

“ನಿಮಗೆ ಜಾಗ ಗೊತ್ತು. ಗೊತ್ತಿರೋರು ಹುಡುಕೋದು ಪರೀಕ್ಷೆ ಅಲ್ಲ.” ಆ ಮಡಚದ ಕೈ ನೇರ ನನ್ನ ಕಡೆ ತಿರುಗಿತು. “ಅಮ್ಮಾ, ನೀವು ಬನ್ನಿ. ಕಷ್ಟದಲ್ಲಿದ್ದೀರಿ, ಸಹಾಯ ಬೇಕು. ಹುಡುಕಿ.”

ಒದ್ದೆ ಕೈ ಬಟ್ಟೆಗೆ ಒರೆಸಿಕೊಂಡು ಕುಳಿತೆ. ಮೌಸು ಹಿಡಿದದ್ದು ಅದೇ ಮೊದಲು. ಬಾಣ ಕೋಳಿಮರಿಯ ಹಾಗೆ ಓಡಾಡಿತು. ಅಕ್ಷರ ಕೂಡಿಸಿ ಒಂದು ಪಟ್ಟಿ ಓದಿದೆ, ಮತ್ತೊಂದು ಓದಿದೆ. ಪ್ರತಿ ಪಟ್ಟಿಯ ತಳಕ್ಕೆ ಬಂದು ನಿಂತು, ಮುಂದೇನೆಂದು ತೋಚದೆ ಮತ್ತೆ ಮೇಲಕ್ಕೆ ಹೋದೆ. ಮೂರು ಸೆಕೆಂಡಿನವರು ಕುರ್ಚಿಯ ತುದಿಗೆ ಬಂದು, “ಅಲ್ಲಿ ಅಜ್ಜೀ, ಅಲ್ಲಿ!” ಎಂದು ಚಡಪಡಿಸಿದರು. “ಸಾರ್, ಒಬ್ಬೊಬ್ಬರ ಕಂಪ್ಯೂಟರಿಗೂ ನೀವು ಹೀಗೆ ಹಿಂದೆ ನಿಂತಿರ್ತೀರಾ?” ಎಂದರು ಮೇಡಮ್ಮ ಮೆಲ್ಲಗೆ. ಗೋಡೆ ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆಯಿತು.

ನಾನು ಮೌಸು ಬಿಟ್ಟು ಎದ್ದೆ.

“ಸಾಹೇಬ್ರೇ, ಇದ್ರೊಳಗೆ ಸಹಾಯ ಇಲ್ಲ. ಸಹಾಯ ಬೇಕಾದೋರು ಮೇಡಮ್ಮನ ಮೇಜಿಗೆ ಬರ್ತಾರೆ, ಎಲ್ರೂ ಬರ್ತಾರೆ. ನಂಬಿಕೆ ಇಲ್ಲಾಂದ್ರೆ ನೆಲ ನೋಡಿ ಬನ್ನಿ. ಒರೆಸೋಳು ನಾನು.”

ಸಭೆಗೆ ಸಭೆಯೇ ಎದ್ದು ಬಂತು. ಮೆಟ್ಟಿಲ ಬಾಗಿಲಿನಿಂದ ಅವರ ಮೇಜಿನವರೆಗೆ ನೆಲದ ಹೊಳಪು ಸವೆದು, ದನ ತುಳಿದ ಕಾಲುದಾರಿಯ ಹಾಗೆ ಬಿಳಿಚಿಕೊಂಡ ಒಂದು ಪಟ್ಟೆ ಬಿದ್ದಿತ್ತು. ಇತ್ತ ಅತ್ತ ಎಲ್ಲೂ ಇಲ್ಲ, ಅಲ್ಲಿ ಮಾತ್ರ. ದೊಡ್ಡ ಸಾಹೇಬರು ಅದರ ಉದ್ದಕ್ಕೂ ನಡೆದು ಹೋಗಿ ಬಂದರು. ಮೂರು ಸೆಕೆಂಡಿನವರು ಮಂಡಿಯೂರಿ ನೆಲವನ್ನು ಕೈಯಿಂದ ಸವರಿ, “ಅಯ್ಯೋ, ಇದನ್ನ ನಾನೂ ದಿನಾ ತುಳೀತೀನಲ್ರೀ!” ಎಂದರು. ಎಲ್ಲರೂ ಮೇಡಮ್ಮನ ಕಡೆ ಮೆಚ್ಚುಗೆಯಿಂದ ನೋಡಿದರೆ ಅವರ ಮುಖ ಮಾತ್ರ ಗಂಟಿಕ್ಕಿತ್ತು.

“ಇದೇನು ಹೊಗಳಿಕೆ ಅಲ್ಲ. ಇಲ್ಲಿರೋ ಒಂದೊಂದು ಹೆಜ್ಜೇನೂ ಹುಡುಕಿ ಸೋತೋರದ್ದು. ನಾಳೆನೇ ಸರಿ ಮಾಡೋಣ.”

ಅರ್ಧ ದಿನದ ಕೆಲಸವಂತೆ ಅದು! ಒಂಬತ್ತು ವರ್ಷ ಕಾದದ್ದು ಅರ್ಧ ದಿನದ ಕೆಲಸಕ್ಕೆ. ‘ಕೈಪಿಡಿ ವೀಕ್ಷಕ’ ಹೋಗಿ ‘ಸಹಾಯ’ ಎಂಬ ಮೂರಕ್ಷರ ಬಂತು. ಮೆನು ಒತ್ತಿದೊಡನೆ ಇಳಿಯುವ ಮೊದಲ ಪಟ್ಟಿಗೇ ಬಂತು. ಎಲ್ಲಕ್ಕಿಂತ ಮೇಲಿಡೋಣ ಎಂದು ಮೂರು ಸೆಕೆಂಡಿನವರು ಉತ್ಸಾಹ ತೋರಿದಾಗ ಮೇಡಮ್ಮ ಒಪ್ಪಲಿಲ್ಲ. “ತಳದಲ್ಲಿಡಿ. ಏನೂ ಸಿಗದೋರ ಕಣ್ಣು ಅಲ್ಲಿಗೆ ಬಂದು ನಿಲ್ಲತ್ತೆ. ನಮ್ಮ ನೆಲ ಒರೆಸೋ ಅಮ್ಮ ಆವತ್ತು ಆರು ಸಲ ಅಲ್ಲೇ ನಿಂತ್ರು.” ನಾನು ಬೆವರುತ್ತಿದ್ದಾಗ ಅವರು ಅದನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು! ಹೊಸದು ಏನೇ ಸೇರಿದರೂ ಅದು ಆ ಜಾಗ ಬಿಟ್ಟು ಕದಲಬಾರದೆಂದು ಸಾಹೇಬರಿಂದ ಆದೇಶವನ್ನೂ ಬರೆಸಿಕೊಂಡರು. ಉಪ್ಪಿನ ಡಬ್ಬದ ನ್ಯಾಯ.

ಮೊದಲ ತಿಂಗಳೇ ಎರಡು ಸಾವಿರ ಸಲ ತೆರೆದರಂತೆ. ಮೇಜು ಅಲುಗಲಿಲ್ಲ. ಮೆಟ್ಟಿಲು ಹತ್ತಿ ಬರುವವರು ಮಾತ್ರ ದಿನಕ್ಕೆ ಹತ್ತಕ್ಕಿಳಿದರು, ನಾಲ್ಕಕ್ಕಿಳಿದರು. ಒಂದು ಸಂಜೆ ನಾನು ಬಕೆಟ್ಟು ಹಿಡಿದು ಹೋದಾಗ ಅವರು ಖಾಲಿ ಮೇಜಿನ ಮುಂದೆ, ಹಸೆಮಣೆಯ ಮೇಲೆ ಕುಳಿತವರ ಹಾಗೆ ಅರಳಿಕೊಂಡು ಕುಳಿತಿದ್ದರು.

“ಅಮ್ಮಾ, ಇವತ್ತು ಒಬ್ಬರೂ ಬರ್ಲಿಲ್ಲ! ಒಬ್ಬರೂ!”

ತಮ್ಮನ್ನು ನಾಲ್ಕು ಜನ ಹುಡುಕಿಕೊಂಡು ಬರಲೆಂದು ಬದುಕಿಡೀ ಹಂಬಲಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಪ್ಪೆಂದು ಹೇಳಲಾರೆ, ನನಗೂ ಆ ಆಸೆ ಇದೆ. ಕೈಮರದ ಜಾತಿಯೇ ಬೇರೆ. ಬಿಸಿಲಿಗೆ ನಿಂತು ಊರಿನ ದಾರಿ ತೋರಿಸುತ್ತದೆ, ಜನ ಊರು ಸೇರುತ್ತಾರೆ, ಕಂಬವನ್ನು ನೆನೆಯುವವರಿಲ್ಲ. ನೆನೆಯದಿದ್ದಷ್ಟೂ ಅದರ ಕೆಲಸ ಚೆನ್ನಾಗಿ ನಡೆದಿದೆ ಎಂದೇ ಅರ್ಥ.

“ಕಾಲೆತ್ತಿ ಮೇಡಮ್ಮ” ಎಂದೆ. ಅವರು ಎರಡೂ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ನಾನು ಬಟ್ಟೆ ಹಿಂಡಿ, ಬಾಗಿಲಿನಿಂದ ಶುರುಮಾಡಿ ಆ ಬಿಳಿಪಟ್ಟೆಯ ಗುಂಟ ಒರೆಸುತ್ತಾ ಬಂದೆ. ಮೊದಲೆಲ್ಲ ಅಲ್ಲಿಗೆ ಎರಡು ಬಕೆಟ್ಟು ನೀರು ಬೇಕಾಗುತ್ತಿತ್ತು. ಆವತ್ತು ನೀರು ಕದಡಲೇ ಇಲ್ಲ. ಉಳಿದ ಅರ್ಧ ಬಕೆಟ್ಟಿನಲ್ಲಿ ಮೆಟ್ಟಿಲನ್ನೂ ಒರೆಸಿದೆ.