ಮಚ್ಚೆಯ ಸುತ್ತ

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಅಣ್ಣ ಅಂಗಡಿಗೆ ಬಂದು, ಗಿರಾಕಿಯ ಹಾಗೆ ಕುರ್ಚಿಯಲ್ಲಿ ಕೂತು, “ಗಡ್ಡ ಮಾಡೋ” ಎಂದ. ಮರುದಿನ ಅವನ ಎಡ ದವಡೆಯ ಕೆಳಗಿನಿಂದ ಅರ್ಧ ಅಂಗೈಯಷ್ಟು ಚರ್ಮ ಕತ್ತರಿಸಿ ತೆಗೆಯುವವರಿದ್ದರು. ಜೊತೆಗೆ ಕುತ್ತಿಗೆಯ ಗಂಟುಗಳನ್ನೂ. ಇಷ್ಟೆಲ್ಲ ತೆಗೆದ ಮೇಲಾದರೂ ಉಳಿಯುತ್ತಾರಾ ಎಂದು ಅತ್ತಿಗೆ ಕೇಳಿದ್ದಕ್ಕೆ ಡಾಕ್ಟರು “ನೋಡೋಣ” ಎಂದಿದ್ದರು. ಡಾಕ್ಟರು ನೋಡೋಣ ಎಂದರೆ ಏನರ್ಥ ಅಂತ ತಿಳಿಯದಷ್ಟು ದಡ್ಡರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ನನ್ನ ಹೊಟ್ಟೆಯೊಳಗೆ ಒಂದು ಮಾತಿತ್ತು. ಅದನ್ನು ಆ ದಿನವೇ ಕಕ್ಕಬೇಕಿತ್ತು, ಆಮೇಲೆ ಕೇಳಿಸಿಕೊಳ್ಳಲು ಅವನಿರುತ್ತಾನೋ ಇಲ್ಲವೋ. ಕ್ಯಾನ್ಸರಾಗಿ ಅವನನ್ನು ತಿನ್ನುತ್ತಿದ್ದ ಆ ದವಡೆಯ ಕೆಳಗಿನ ಮಚ್ಚೆ ಬೆಳೆಯುತ್ತಿರುವುದು ನನಗೆ ಒಂದು ವರ್ಷದಿಂದ ಗೊತ್ತಿತ್ತು.

ನಮ್ಮಿಬ್ಬರದು ಒಂದು ಪದ್ಧತಿ. ಕ್ಷೌರಿಕ ತನ್ನ ಗಡ್ಡ ತಾನೇ ಮಾಡಿಕೊಂಡರೆ ಅದು ಅರ್ಧ ಕೆಲಸ ಎಂದು ಅಣ್ಣನ ಹಟ. ಹಾಗಾಗಿ ವಾರಕ್ಕೆ ಎರಡು ಸಲ, ಅಂಗಡಿಯ ಬಾಗಿಲು ತೆಗೆಯುವ ಮೊದಲು, ಅವನ ಗಡ್ಡ ನಾನು ಮಾಡುತ್ತಿದ್ದೆ, ನನ್ನದನ್ನು ಅವನು. ಇಪ್ಪತ್ತಮೂರು ವರ್ಷ ಹೀಗೇ ನಡೆಯಿತು. ಕೆಲಸ ಕಲಿಸಿದವನೂ ಅವನೇ, ಕಲಿಯಲು ಮುಖ ಕೊಟ್ಟವನೂ ಅವನೇ. ಮೊದಲ ವರ್ಷವೆಲ್ಲ ಅವನ ಕೆನ್ನೆ ನೋಡಿ ಅತ್ತಿಗೆ, “ಇವತ್ತು ಯಾವ ಬೆಕ್ಕಿನ ಜೊತೆ ಜಗಳ?” ಎಂದು ಕೇಳುತ್ತಿದ್ದರು.

ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ ಅಣ್ಣ. ನಾನು ಕತ್ತಿ ಒರೆಸಿ ಮಡಚಿದ ಕೂಡಲೇ ಬೆರಳುಗಳ ಹಿಂಬದಿಯಲ್ಲಿ ಕುತ್ತಿಗೆಯಿಂದ ಗಲ್ಲದವರೆಗೆ ಉಲ್ಟಾ ಸವರಿಕೊಳ್ಳುತ್ತಿದ್ದ. “ಇಲ್ಲಿ ಚುಚ್ತದೆ. ಇಲ್ಲೂ ಚುಚ್ತದೆ. ಗಡ್ಡ ಮಾಡಿದ್ಯೋ, ಇಲ್ಲಾ ಗಡ್ಡಕ್ಕೆ ಸಮಾಧಾನ ಹೇಳಿದ್ಯೋ?” ಮತ್ತೆ ನೊರೆ, ಮತ್ತೆ ಕತ್ತಿ. ಬಿಸಿ ಟವೆಲ್ಲನ್ನು ಎರಡು ನಿಮಿಷ ಬಿಡು, ಕೂದಲು ಮೆತ್ತಗಾಗದೆ ಕತ್ತಿ ಮುಟ್ಟಬೇಡ. ಕತ್ತಿಯ ಬೆನ್ನಿಗೂ ಚರ್ಮಕ್ಕೂ ನಡುವೆ ಇನ್ನೆರಡು ಕತ್ತಿ ಹಿಡಿಸುವಷ್ಟೇ ಸಂದು ಇರಲಿ. ಒತ್ತಬೇಡ, ಕತ್ತಿಯ ಭಾರವೇ ಸಾಕು, ನಿನ್ನ ಭಾರ ನಿನ್ನ ಹತ್ತಿರ ಇಟ್ಕೋ. ಮೊದಲ ಸಲ ಕೂದಲು ಬೆಳೆದ ದಿಕ್ಕಿಗೆ, ಎರಡನೇ ಸಲ ಅಡ್ಡಡ್ಡ, ಮೂರನೇ ಸಲ ಎದುರು ದಿಕ್ಕಿಗೆ. ಇದೆಲ್ಲಕ್ಕಿಂತ ಎಡಗೈ ಮುಖ್ಯ ಎನ್ನುತ್ತಿದ್ದ. ಚರ್ಮ ಬಿಗಿಯಾಗಿ ಎಳೆದು ಹಿಡಿಯಲು ಬಾರದವನು ಎಷ್ಟು ಚೂಪಾದ ಕತ್ತಿ ಹಿಡಿದರೂ ದಂಡ.

ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದ. ಗಿರಾಕಿಯ ಮುಖದ ಮೇಲೆ ಏನೇ ಇರಲಿ, ಮಚ್ಚೆ, ಗಾಯದ ಗುರುತು, ಮೊಡವೆ, ಅದರ ಬಗ್ಗೆ ತುಟಿ ಪಿಟಕ್ಕೆನ್ನಬಾರದು. ದಿನಾ ಕನ್ನಡಿ ನೋಡುವವನಿಗೆ ಅದು ಗೊತ್ತಿರುತ್ತದೆ, ನೀನು ಹೇಳಿ ಅವನ ಮನಸ್ಸು ನೋಯಿಸಬೇಡ, ಸುಮ್ಮನೆ ಸುತ್ತಿಕೊಂಡು ಹೋಗು. ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಮಚ್ಚೆ ಕಂಡರೆ ನನ್ನ ತಲೆ ಯೋಚಿಸುವುದೇ ಇಲ್ಲ. ಕೈ ತಾನಾಗಿ ಸುತ್ತು ಹಾಕುತ್ತದೆ.

ಅಣ್ಣನ ಮುಖದಲ್ಲಿ ನನಗೆ ಬಗ್ಗದ ಜಾಗ ಒಂದೇ ಉಳಿದಿತ್ತು. ಎಡ ದವಡೆಯ ಮೂಲೆಯ ಕೆಳಗೆ ಕೂದಲು ಸುಳಿಯಾಗಿ ಬೆಳೆಯುತ್ತಿತ್ತು, ಸುಳಿಯ ಪಕ್ಕದಲ್ಲಿ ಎಳ್ಳಿನಷ್ಟು ಮಚ್ಚೆ. ಯಾವ ದಿಕ್ಕಿಗೆ ಎಳೆದರೂ ಅಲ್ಲಿ ಒಂದಿಷ್ಟು ಮುಳ್ಳು ಉಳಿದೇ ಉಳಿಯುತ್ತಿತ್ತು. ಹೋದ ವರ್ಷ ಅದರ ಗುಟ್ಟು ಸಿಕ್ಕಿತು. ತಲೆಯನ್ನು ಬಲಕ್ಕೆ ತಿರುಗಿಸಿ, ಕಿವಿಯ ಹಿಂದಿನಿಂದ ಚರ್ಮವನ್ನು ಮೇಲಕ್ಕೆ ಎಳೆದು, ಕತ್ತಿಯ ತುದಿಯಿಂದ ಮಚ್ಚೆಯ ಸುತ್ತ ಸಣ್ಣ ಸಣ್ಣ ಕಮಾನಿನಂತೆ ಕೆರೆಯಬೇಕು. ಆ ದಿನ ಅಣ್ಣ ಸವರಿಕೊಂಡ. ಮತ್ತೊಮ್ಮೆ ಸವರಿಕೊಂಡ. ಏನೂ ಹೇಳದೆ ಎದ್ದು ಹೋದ. ಅವನಿಂದ ಅದಕ್ಕಿಂತ ದೊಡ್ಡ ಶಭಾಷ್‌ಗಿರಿ ಯಾರಿಗೂ ಸಿಕ್ಕಿಲ್ಲ. ನಾನು ಇಡೀ ದಿನ ನೆಲದ ಮೇಲೆ ನಡೆಯಲಿಲ್ಲ.

ಅಲ್ಲಿಂದ ಮುಂದೆ ಅದು ನನ್ನ ಹೆಮ್ಮೆಯ ಜಾಗ. ಎರಡು ತಿಂಗಳಲ್ಲಿ ನನ್ನ ಕಮಾನು ಸ್ವಲ್ಪ ದೊಡ್ಡದಾಯಿತು. ಆಮೇಲೆ ಇನ್ನೂ ಸ್ವಲ್ಪ. ಮಚ್ಚೆಯ ಅಂಚು ಒರಟಾಯಿತು, ಒಂದು ಕಡೆ ಉಬ್ಬಿತು. ಬೆಳೆಯುತ್ತಿದೆಯಲ್ಲ ಅಂತ ಅನಿಸಲಿಲ್ಲವೇ? ಅನಿಸಿತು, ಸುಳ್ಳು ಯಾಕೆ ಹೇಳಲಿ. ಇವತ್ತು ಕೂದಲೆಳೆಯಷ್ಟು ಹೆಚ್ಚು ಜಾಗ ಬಿಡಬೇಕು ಎಂದುಕೊಂಡೆ, ಬಿಟ್ಟೆ, ಅಷ್ಟೇ. ವರ್ಷಪೂರ್ತಿ ಅಲ್ಲಿ ಒಂದು ಹನಿ ರಕ್ತ ಬರಲಿಲ್ಲ. ಅದನ್ನು ಪಕ್ಕದ ಅಂಗಡಿಯ ದರ್ಜಿಯ ಹತ್ತಿರ ಹೇಳಿಕೊಂಡು ಜಂಬವನ್ನೂ ಪಟ್ಟಿದ್ದೆ. ನಾನು ಕೈ ಪಳಗದ ಶನಿಯಾಗಿದ್ದರೆ ಯಾವತ್ತೋ ಅದನ್ನು ಕೊಯ್ದಿರುತ್ತಿದ್ದೆ. ರಕ್ತ ನಿಲ್ಲದೆ, ನನಗೆ ಬಯ್ಯುತ್ತಾ ಅಣ್ಣ ಆಸ್ಪತ್ರೆಗೆ ಓಡಿರುತ್ತಿದ್ದ, ಬದುಕಿಕೊಳ್ಳುತ್ತಿದ್ದ. ನನ್ನ ಈ ಜಾಣ ಕೈಗೆ ಬೆಂಕಿ ಬೀಳಲಿ.

ಕುತ್ತಿಗೆಯಲ್ಲಿ ಗಂಟು ಎದ್ದಾಗಲೇ ನಾವು ಡಾಕ್ಟರ ಹತ್ತಿರ ಹೋದದ್ದು. ಅವರು ಗಂಟನ್ನು ಒಮ್ಮೆ ಒತ್ತಿ, ಆಮೇಲೆ ಲೈಟು ಹತ್ತಿರ ತಂದು ಮಚ್ಚೆಯನ್ನೇ ನೋಡುತ್ತ ಕೂತರು. “ಇದು ಎಷ್ಟು ದಿನದಿಂದ ಬೆಳೀತಿದೆ?” ಅಣ್ಣ, “ಸರಿಯಾಗಿ ಗೊತ್ತಿಲ್ಲ ಡಾಕ್ಟ್ರೇ,” ಎಂದ. ತಿಂಗಳು ತಿಂಗಳ ಲೆಕ್ಕ ಗೊತ್ತಿದ್ದ ನಾನು ಗೋಡೆ ನೋಡುತ್ತಾ ನಿಂತಿದ್ದೆ. “ಒಂದು ವರ್ಷ ಮುಂಚೆ ಬಂದಿದ್ರೆ ಹತ್ತು ನಿಮಿಷದ ಕೆಲಸ ಆಗಿತ್ತು,” ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅತ್ತಿಗೆ ನನ್ನ ತೋಳು ಹಿಡಿದರು. “ವಾರಕ್ಕೆರಡು ಸಲ ಇವರ ಮುಖ ನಿನ್ನ ಕೈಯಲ್ಲೇ ಇರುತ್ತಲ್ಲಪ್ಪಾ. ನಿನಗೂ ಕಾಣಿಸಲಿಲ್ವಾ?”

“ನೊರೆ ಹಚ್ಚಿದ ಮೇಲೆ ಏನೂ ಕಾಣಲ್ಲ ಅತ್ತಿಗೆ,” ಎಂದೆ.

ಅವರು ನಂಬಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಂಬಿ, ಕಣ್ಣೊರೆಸಿಕೊಂಡು, “ನೀನಾದ್ರೂ ಏನ್ಮಾಡ್ತೀಯ ಪಾಪ,” ಅಂದದ್ದು ನನ್ನನ್ನು ಸುಟ್ಟು ಹಾಕಿತು.

ಈಗ ಅಣ್ಣ ಕುರ್ಚಿಯಲ್ಲಿ ಕೂತಿದ್ದ. ಡಾಕ್ಟರ ಹತ್ತಿರ ಹೋಗಿ ಬಂದ ಮೂರು ವಾರದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು, ಅಂಗಿಯ ಕಾಲರ್ ಸಡಿಲವಾಗಿತ್ತು. ಬಿಸಿ ಟವೆಲ್ ಹಾಕಿದೆ. ಚರ್ಮದ ಪಟ್ಟಿಗೆ ಕತ್ತಿ ಉಜ್ಜಿದೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದೆ.

“ಅದನ್ನ ಮುಟ್ಟಬಾರದು ಅಂದಿದ್ದಾರೆ ಡಾಕ್ಟ್ರು,” ಎಂದೆ. “ಆ ಜಾಗ ಬಿಟ್ಟು ಮಾಡ್ತೀನಿ.”

“ಬಿಟ್ಟು ಮಾಡೋದನ್ನ ನಿನಗೆ ಹೇಳ್ಕೊಡಬೇಕಾ?” ಎಂದು ಅಣ್ಣ ಸಣ್ಣಗೆ ನಕ್ಕ.

ಬಲ ಕೆನ್ನೆ ಮುಗಿಸಿದೆ, ಗಲ್ಲ ಮುಗಿಸಿದೆ, ಮೇಲ್ತುಟಿ ಮುಗಿಸಿದೆ. ಎಡಕ್ಕೆ ಬಂದಾಗ ಕತ್ತಿಯನ್ನು ಕೆಳಗಿಟ್ಟುಬಿಟ್ಟೆ.

“ಅಣ್ಣಾ, ನನಗೆ ಗೊತ್ತಿತ್ತು.”

“ಏನು?”

“ಇದು ಬೆಳೀತಿದ್ದದ್ದು. ಒಂದು ವರ್ಷದಿಂದ ಗೊತ್ತಿತ್ತು. ಪ್ರತಿ ಸಲ ಸ್ವಲ್ಪ ಸ್ವಲ್ಪ ಜಾಸ್ತಿ ಜಾಗ ಬಿಡ್ತಾ ಬಂದೆ. ಬಾಯಿ ಬಿಟ್ಟು ಹೇಳ್ಲಿಲ್ಲ. ಅತ್ತಿಗೆ ಕೇಳಿದಾಗ ಕಾಣಲಿಲ್ಲ ಅಂತ ಸುಳ್ಳು ಹೇಳ್ದೆ.”

ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಒಂದು ಏಟು ಬೀಳಲಿ ಎಂದು ಕಾದೆ. ಮೊದಲೆಲ್ಲ ಸಾಬೂನಿನ ನೊರೆ ತೆಳ್ಳಗಾದರೂ ತಲೆಗೆ ಒಂದು ಏಟು ಬೀಳುತ್ತಿತ್ತು. ಅಥವಾ ಹೋಗ್ಲಿ ಬಿಡೋ ಎನ್ನಲಿ. ಎರಡರಲ್ಲಿ ಯಾವುದು ಸಿಕ್ಕಿದ್ದರೂ ಕಾಲಿಗೆ ಬಿದ್ದು ಅತ್ತುಬಿಡುತ್ತಿದ್ದೆ. ಬೀದಿಯಲ್ಲಿ ಯಾರೋ ಅಂಗಡಿಯ ಷಟರ್ ಎತ್ತಿದ ಸದ್ದಾಯಿತು.

“ನನಗೂ ಕೈಗೆ ಸಿಗ್ತಿತ್ತು ಕಣೋ,” ಎಂದ ಅಣ್ಣ.

“ಮತ್ತೆ ಯಾಕೆ ಸುಮ್ನಿದ್ದೆ?”

“ಪ್ರತಿ ಸಲ ನೀನು ಮುಗಿಸಿದ ಮೇಲೆ ಸವರಿ ನೋಡ್ತಿದ್ನಲ್ಲ. ಹೋದ ಸಲಕ್ಕಿಂತ ದಪ್ಪ ಆಗಿದೆ ಅನ್ಸೋದು. ಹೆದರಿಕೆ ಆಗೋದು. ನಿಮ್ಮತ್ತಿಗೆಗೆ ಹೇಳೋಣ ಅನ್ಕೊಳ್ತಿದ್ದೆ. ಆಮೇಲೆ, ಅಲ್ಲ, ಇದು ವಾರ ವಾರ ತಮ್ಮನ ಕೈ ಕೆಳಗೇ ಇರುತ್ತಲ್ಲ, ಏನಾದ್ರೂ ಇದ್ದಿದ್ರೆ ಅವನು ಹೇಳದೆ ಬಿಡ್ತಿದ್ನಾ ಅನ್ಸೋದು. ನಿನ್ನ ಮುಖ ನೋಡ್ತಿದ್ದೆ. ನೀನು ಆರಾಮಾಗಿ ಕತ್ತಿ ಒರೆಸ್ತಿದ್ದೆ. ಸದ್ಯ, ಏನೂ ಇಲ್ಲ ಅಂತ ಸಮಾಧಾನ ಮಾಡ್ಕೊಳ್ತಿದ್ದೆ.”

ಸಿಟ್ಟಿನಿಂದ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ, ಅಷ್ಟೇ.

“ನೊರೆ ಒಣಗ್ತಿದೆ, ಮುಗಿಸು,” ಎಂದ.

ಬ್ರಷ್ ಅದ್ದಿ ಮತ್ತೆ ನೊರೆ ಹಚ್ಚಿದೆ. ಕತ್ತಿ ಎತ್ತಿಕೊಂಡೆ. ಅಣ್ಣ ತಲೆಯನ್ನು ಬಲಕ್ಕೆ ತಿರುಗಿಸಿ, ಕತ್ತನ್ನು ನನ್ನ ಕಡೆಗೆ ಚಾಚಿ, ಕಣ್ಣು ಮುಚ್ಚಿದ. ನನ್ನ ಕೈ ಕೆಳಗೆ ಅವನಿಗೆ ಈಗಲೂ ಹೆದರಿಕೆ ಇರಲಿಲ್ಲ.