ಕಡಲಾಚೆಯ ಕಾವಲಿ

ನಾನೊಂದು ದೋಸೆ ಕಾವಲಿ. ಮೂರಡಿ ಉದ್ದ, ಎರಡಡಿ ಅಗಲ, ಹೆಬ್ಬೆರಳಿನಷ್ಟು ದಪ್ಪ. ನಿಮ್ಮ ಮನೆಯ ಒಲೆಯ ಮೇಲೆ ಕೂರುವ ದುಂಡು ಹಂಚಿನ ಜೊತೆ ನನ್ನನ್ನು ಹೋಲಿಸಬೇಡಿ, ಸಿಟ್ಟು ಬರುತ್ತದೆ. ಸಿಟ್ಟು ನನ್ನ ಹುಟ್ಟುಗುಣ. ಮಂಗಳೂರಿನ ಬಂದರಿನಲ್ಲಿ, ಒಡೆದ ಹಡಗೊಂದರ ದಪ್ಪ ತಗಡನ್ನು ಗ್ಯಾಸಿನ ಬೆಂಕಿಯಲ್ಲಿ ಕತ್ತರಿಸಿ ನನ್ನನ್ನು ಹೊರತೆಗೆದರು. ಹುಟ್ಟುತ್ತಲೇ ಸುಟ್ಟುಕೊಂಡ ನನಗೆ ತಾಳ್ಮೆ ಎಲ್ಲಿಂದ ಬರಬೇಕು?

ಕಾರ್ಕಳದ ಪೇಟೆಯ ಒಂದು ಹೋಟೆಲಿನಲ್ಲಿ ನನ್ನ ಕೆಲಸ ಶುರುವಾಯಿತು. ಮೊದಮೊದಲು ಬಂದ ಅಡುಗೆಯವರನ್ನೆಲ್ಲ ನಾನು ಗೋಳು ಹೊಯ್ದುಕೊಂಡೆ. ನಡುವೆ ಕರಕಲು, ಅಂಚಿನಲ್ಲಿ ಹಸಿ. ದೋಸೆ ನನ್ನನ್ನು ಬಿಟ್ಟು ಏಳುತ್ತಿರಲಿಲ್ಲ. ಆಮೇಲೆ ರುಕ್ಮಯ ದೇವಾಡಿಗ ಬಂದ. ಬಂದವನು ಒಂದು ವಾರ ನನ್ನ ಮೇಲೆ ಹಿಟ್ಟನ್ನೇ ಹಾಕಲಿಲ್ಲ. ಎಣ್ಣೆ ಹಚ್ಚಿ ಕಾಯಿಸುವುದು, ಅರ್ಧ ನೀರುಳ್ಳಿಯಿಂದ ಉಜ್ಜುವುದು, ಆರಲು ಬಿಡುವುದು, ಮತ್ತೆ ಕಾಯಿಸುವುದು. ಧಣಿ ಗೊಣಗಿದರೂ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೊಂದು ಬೆಳಿಗ್ಗೆ ನೀರು ಚಿಮುಕಿಸಿ, ಹನಿಗಳು ಕುಣಿಯುವುದನ್ನು ನೋಡಿ, ಹಿಟ್ಟು ಹರಡಿದ. ದೋಸೆ ತಾನಾಗಿ ಎದ್ದು ಬಂತು. ಅಂದಿನಿಂದ ನಾನು ಅವನ ಮಾತು ಮೀರಲಿಲ್ಲ. ಅದನ್ನು ಪ್ರೀತಿ ಅನ್ನಿ, ಅಭ್ಯಾಸ ಅನ್ನಿ, ಕಬ್ಬಿಣಕ್ಕೆ ಅಷ್ಟೆಲ್ಲ ತಿಳಿಯುವುದಿಲ್ಲ.

ಧಣಿಯ ಭಾವ ಸದಾನಂದ ನಾಯಕರು ಇಂಗ್ಲೆಂಡಿನ ಒಂದು ಊರಿನಲ್ಲಿ ಹೋಟೆಲು ತೆರೆದಿದ್ದರು. ಒಮ್ಮೆ ಊರಿಗೆ ಬಂದವರು ರುಕ್ಮಯನ ದೋಸೆ ತಿಂದು, "ನಂಗೆ ಈ ಕಾವಲಿ ಸಹ ಬೇಕು, ಈ ಜನ ಸಹ ಬೇಕು" ಎಂದು ಪಟ್ಟು ಹಿಡಿದರು.

ನಾನು ಮರದ ಪೆಟ್ಟಿಗೆಯಲ್ಲಿ ಹಡಗು ಹತ್ತಿದೆ. ಅಲ್ಲಿನ ಬಂದರಿನಲ್ಲಿ ಒಬ್ಬ ಮುಚ್ಚಳ ತೆಗೆದು, ನನ್ನನ್ನು ಬೆರಳಿನಿಂದ ಬಡಿದು ನೋಡಿ, ಮತ್ತೆ ಮುಚ್ಚಿದ. ಅಷ್ಟೇ. ರುಕ್ಮಯನ ಕಥೆ ಹಾಗಲ್ಲ. ಹೊರದೇಶದ ಅಡುಗೆಯವನು ಅಲ್ಲಿಗೆ ಬರಬೇಕಾದರೆ ಅವನು ನುರಿತ ಕೆಲಸಗಾರ ಎಂದು ಸಾಬೀತಾಗಬೇಕಿತ್ತು. ಇಷ್ಟು ವರ್ಷದ ಅನುಭವ ಬೇಕು, ಇಷ್ಟು ಸಂಬಳ ಬೇಕು, ಅವನ ಕೆಲಸ ಅಲ್ಲಿನವರಿಗೆ ಸುಲಭವಾಗಿ ಬರುವಂಥದ್ದಾಗಿರಬಾರದು. ಅವನ ಕಾಗದಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾಗ ನಾನು ನಾಯಕರ ಅಡುಗೆಮನೆಯಲ್ಲಿ ಕಾದು ಕೂತಿದ್ದೆ. ನಾಯಕರು ತಾವೇ ಹಿಟ್ಟು ಹರಡಿ ನೋಡಿದರು. ಅವರಿಗೆ ನನ್ನ ಹಳೆಯ ಸಿಟ್ಟನ್ನು ತೋರಿಸಿದೆ.

ಚಳಿಗಾಲದಲ್ಲಿ ರುಕ್ಮಯ ಬಂದ. ಬ್ಯಾಗು ಕೆಳಗಿಟ್ಟು ಮೊದಲು ನನ್ನ ಮೈ ಸವರಿದ. "ಎಂತ ಮಾರಾಯ, ತುಕ್ಕು ಹಿಡ್ಕೊಂಡು ಕೂತಿದ್ದೀಯಲ್ಲ!" ಎಂದ. ಆ ದೇಶದಲ್ಲಿ ನನ್ನೊಡನೆ ಮಾತಾಡಿದವನು ಅವನೊಬ್ಬನೇ.

ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಅವನು ಮೊಬೈಲನ್ನು ಚಟ್ನಿಯ ಪಾತ್ರೆಗೆ ಒರಗಿಸಿ ಊರಿಗೆ ಮಾತಾಡುತ್ತಿದ್ದ. ಕೆಳಗಿನಿಂದ ನನಗೆ ಅವನ ಗದ್ದ ಮಾತ್ರ ಕಾಣುತ್ತಿತ್ತು. ಮಾತು ಪೂರ್ತಿ ಕೇಳುತ್ತಿತ್ತು. ಹೆಂಡತಿ ಜಲಜ, ಮಗಳು ಧನ್ಯ. ಅವನ ಪರವಾನಗಿಗೆ ಮೂರು ವರ್ಷದ ಆಯುಷ್ಯ. ಅದು ನವೀಕರಣವಾದ ಕೂಡಲೇ ಇಬ್ಬರನ್ನೂ ಕರೆಸಿಕೊಳ್ಳುವುದೆಂದು ಮಾತಾಗಿತ್ತು.

"ಅಪ್ಪಾ, ಅಲ್ಲಿ ನಿಜವಾಗ್ಲೂ ಹಿಮ ಬೀಳ್ತದಾ?" ಎಂದು ಧನ್ಯ ಕೇಳುತ್ತಿದ್ದಳು.

"ಬೀಳ್ತದೆ ಮಗಾ. ನೀನು ಬಂದ ಮೇಲೆ ಜೋರು ಬೀಳ್ಲಿಕ್ಕೆ ಹೇಳಿ ಇಟ್ಟಿದ್ದೇನೆ" ಎನ್ನುತ್ತಿದ್ದ.

ಕಾನೂನಿನಲ್ಲಿ ಇನ್ನೊಂದು ಸಾಲಿತ್ತು. ಹೋಟೆಲಿನಲ್ಲಿ ಜನ ಕುಳಿತು ತಿನ್ನುವುದಾದರೆ ಮಾತ್ರ ಅಲ್ಲಿನ ಅಡುಗೆಯವನು ನುರಿತವನು. ಕಟ್ಟಿಸಿಕೊಂಡು ಒಯ್ಯುವ ವ್ಯವಸ್ಥೆ ಇದ್ದರೆ ಅವನು ನುರಿತವನಲ್ಲ, ಅವನಿಗೆ ಪರವಾನಗಿಯೂ ಇಲ್ಲ. ವಕೀಲರು ಇದನ್ನು ನಾಯಕರಿಗೆ ಹೇಳಿದ್ದರು, ನಾಯಕರು ರುಕ್ಮಯನಿಗೆ ಹೇಳಿದ್ದರು. ಇಬ್ಬರೂ ತಲೆಯಾಡಿಸಿದ್ದರು. ಆದರೆ ನಮ್ಮ ಕಡೆಯ ಹೋಟೆಲಿನವರಿಗೆ 'ಪಾರ್ಸೆಲ್ ಇಲ್ಲ' ಎನ್ನಲು ಬಾಯಿ ಬರುವುದಿಲ್ಲ. ಹಸಿದವರು ಕೇಳಿದರೆ ಕಟ್ಟಿಕೊಡುವುದು, ಅಷ್ಟೇ ಅವರಿಗೆ ಗೊತ್ತು.

ಮೊದಲು ಕೇಳಿದವಳು ನಮ್ಮ ಊರ ಕಡೆಯ ಶಿರ್ವದ ಲವೀನಾ. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಬರುತ್ತಿದ್ದಳು.

"ಕೂತು ತಿನ್ನು ತಂಗಿ, ಬಿಸಿ ಉಂಟು" ಎಂದ ರುಕ್ಮಯ.

"ಕೂತ್ರೆ ಇಲ್ಲೇ ನಿದ್ದೆ ಬರ್ತದೆ ಅಣ್ಣಾ. ಕಟ್ಟಿ ಕೊಡಿ, ರೂಮಿಗೆ ಹೋಗಿ ತಿಂತೇನೆ."

ಅವನು ಕಟ್ಟಿಕೊಟ್ಟ. ಅವಳ ಹಿಂದೆ ಇನ್ನಿಬ್ಬರು ನರ್ಸುಗಳು ಬಂದರು, ಆಮೇಲೆ ಒಬ್ಬ ಬಸ್ ಡ್ರೈವರ್. ಬೋರ್ಡು ಹಾಕಿರಲಿಲ್ಲ, ಕೌಂಟರ್ ಇಟ್ಟಿರಲಿಲ್ಲ. ಗುರುತಿನವರಿಗೆ ಎರಡು ದೋಸೆ ಕೊಟ್ಟರೆ ಅದು ವ್ಯವಸ್ಥೆ ಹೇಗಾಗುತ್ತದೆ? ನಾಯಕರೂ ಕಂಡೂ ಕಾಣದವರಂತೆ ಇದ್ದುಬಿಟ್ಟರು.

ನವೀಕರಣದ ಅರ್ಜಿ ಹೋದ ಮೇಲೆ ಒಬ್ಬ ಅಧಿಕಾರಿ ಹೋಟೆಲು ನೋಡಲು ಬಂದ. ನಗುಮುಖದ ಮನುಷ್ಯ. ರುಕ್ಮಯ ಹಿಟ್ಟು ಹರಡುವುದನ್ನು ಪಕ್ಕದಲ್ಲೇ ನಿಂತು ನೋಡಿದ, ಮಸಾಲೆ ದೋಸೆ ತಿಂದ, ತಟ್ಟೆಯಲ್ಲಿ ಚಟ್ನಿಯನ್ನೂ ಉಳಿಸಲಿಲ್ಲ. ಹೊರಡುವಾಗ, ಮನೆಯಲ್ಲಿರುವ ಹೆಂಡತಿಗೂ ಒಂದು ಒಯ್ಯಬಹುದೇ ಎಂದು ಕೇಳಿದ. ನಾಯಕರು ಆಗ ಹೊರಗೆ ಫೋನಿನಲ್ಲಿದ್ದರು. 'ಬೇಡ ರುಕ್ಮಯ' ಎಂದು ನಾನು ಚುಂಯ್‌ಗುಟ್ಟಿದೆ. ಕಾವಲಿಯ ಮಾತು ಮನುಷ್ಯರಿಗೆ ಯಾವತ್ತೂ ಒಂದೇ ಥರ ಕೇಳುತ್ತದೆ. ಹೆಂಡತಿ ಎಂಬ ಮಾತಿಗೇ ರುಕ್ಮಯನ ಮುಖ ಅರಳಿತ್ತು. ಒಂದಲ್ಲ, ಎರಡು ದೋಸೆ ಮಾಡಿದ. ಚಟ್ನಿ ಹೆಚ್ಚು ಹಾಕಿ, ಸಾಂಬಾರು ಚೆಲ್ಲದ ಹಾಗೆ ಬಿಗಿಯಾಗಿ ಕಟ್ಟಿ, ಎರಡೂ ಕೈಯಿಂದ ಕೊಟ್ಟ.

ಆ ಮನುಷ್ಯ ಬೇಕೆಂದೇ ಕೇಳಿದನೋ, ನಿಜವಾದ ಆಸೆಯಿಂದ ಕೇಳಿದನೋ ನನಗೆ ಇಂದಿಗೂ ಗೊತ್ತಿಲ್ಲ. ತಿನ್ನುವಾಗ ಅವನ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನಗೆ ಹೆಚ್ಚು ಉರಿ ತರಿಸುತ್ತದೆ.

ಕೆಲವು ವಾರಗಳ ನಂತರ ಉತ್ತರ ಬಂತು. ನಾಯಕರು ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದರು.

"ಆಗುದಿಲ್ಲ ಅಂತೆ ಮಾರಾಯ. ಕಟ್ಟಿ ಕೊಡುವ ಹೋಟ್ಲಿಗೆ ನುರಿತ ಅಡುಗೆಯವ ಬೇಡ ಅಂತೆ."

"ಪಾರ್ಸೆಲ್ ಕೊಟ್ಟದ್ದಕ್ಕಾ?" ಎಂದ ರುಕ್ಮಯ. ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಕೇಳಿದವರಿಗೆ ಇಲ್ಲ ಅಂತ ಹೇಳುದು ಹೇಗೆ ನಾಯಕ್ರೇ?" ಎಂದ.

ಅಂದು ಮಧ್ಯಾಹ್ನ ಫೋನು ಬಂದಾಗ ಧನ್ಯಳದ್ದೇ ಮಾತು. ಶಾಲೆಯಿಂದ ಟಿಸಿ ತೆಗೆದಾಗಿದೆ, ಟೀಚರು ಇಡೀ ಕ್ಲಾಸಿನಲ್ಲಿ ಚಪ್ಪಾಳೆ ಹೊಡೆಸಿದರಂತೆ. ರುಕ್ಮಯ ಹೂಂಗುಟ್ಟುತ್ತಾ ಇದ್ದ. ಮಗಳು ಆಟಕ್ಕೆ ಓಡಿದ ಮೇಲೆ ಜಲಜಳಿಗೆ ವಿಷಯ ಹೇಳಿದ. ಅವಳು, "ನೀವು ಊಟ ಮಾಡಿದ್ರಾ?" ಎಂದಳು. ಅವನ ಗದ್ದ ನಡುಗುವುದನ್ನು ನಾನು ಕೆಳಗಿನಿಂದ ನೋಡಿದೆ. ನನಗೆ ಕಣ್ಣೀರು ಬರುವುದಿಲ್ಲ. ಬರುತ್ತಿದ್ದರೆ ಅಂದು ಅಷ್ಟೂ ದೋಸೆ ಹಾಳಾಗುತ್ತಿತ್ತು.

ಹೋಗುವ ದಿನವೂ ಅವನು ನನಗೆ ಎಣ್ಣೆ ಹಚ್ಚಿ, ನೀರುಳ್ಳಿ ಉಜ್ಜಿ, ಗ್ಯಾಸು ಆರಿಸಿದ. ವಿಮಾನದಲ್ಲಿ ಒಯ್ಯಲು ನಾನು ತೀರ ಭಾರ. ಬಾಗಿಲಲ್ಲಿ ನಿಂತು ನಾಯಕರಿಗೆ ಒಂದೇ ಮಾತು ಹೇಳಿದ: "ಆ ಲವೀನಾಳಿಗೆ ಕಾರಣ ಹೇಳ್ಬೇಡಿ. ಪಾಪ, ಮತ್ತೆ ಅವಳಿಗೆ ತಿಂದದ್ದು ಮೈಗೆ ಹತ್ಲಿಕ್ಕಿಲ್ಲ."

ನನ್ನ ಜಾಗಕ್ಕೆ ಹಿಟ್ಟು ಅಂಟದ ಹೊಸ ನಾನ್‌ಸ್ಟಿಕ್ ಕಾವಲಿ ಬಂತು. ಅದರ ಮೇಲೆ ಯಾರು ಬೇಕಾದರೂ ದೋಸೆ ಹೊಯ್ಯಬಹುದು. ನುರಿತ ಅಡುಗೆಯವನೇ ಇಲ್ಲವಾದ ಮೇಲೆ ಪಾರ್ಸೆಲಿಗೂ ಅಡ್ಡಿಯಿಲ್ಲ. ನಾಯಕರು ಈಗ ಹೊರಗೆ ದೊಡ್ಡ ಬೋರ್ಡನ್ನೇ ಹಾಕಿದ್ದಾರೆ. ನನ್ನನ್ನು ಹಿಂಬಾಗಿಲಿನ ಬಳಿ, ಕಸದ ಡಬ್ಬಿಗಳ ಪಕ್ಕ, ಗೋಡೆಗೆ ಒರಗಿಸಿದ್ದಾರೆ. ಮಳೆ ಬಿದ್ದು ಮೈಯೆಲ್ಲ ಕೆಂಪು ತುಕ್ಕು. ನೀನೇಕೆ ಈ ದೇಶದಲ್ಲಿದ್ದೀಯ ಎಂದು ನನ್ನನ್ನು ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ನನ್ನನ್ನೂ ವಾಪಸು ಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ಲವೀನಾ ಹಿಂಬಾಗಿಲಿಗೆ ಬಂದಳು. ಅವಳು ರಜೆಯಲ್ಲಿ ಊರಿಗೆ ಹೋಗಿದ್ದಳಂತೆ. "ಅಣ್ಣ ಎಲ್ಲಿ?" ಎಂದು ಕೇಳಿದಳು. ನಾಯಕರು ರುಕ್ಮಯನ ಮಾತು ನಡೆಸಿದರು. "ಅವನಿಗೆ ಮನೆ ನೆನಪು ಜಾಸ್ತಿ ಆಯ್ತು. ಬಿಟ್ಟು ಹೋದ" ಎಂದರು.

"ನಂಗೊಂದು ಮಾತು ಹೇಳದೆ ಹೋದ್ರಲ್ಲ!" ಅವಳಿಗೆ ಬೇಸರವಾಯಿತು. ನನ್ನ ಪಕ್ಕದ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. "ಪುಣ್ಯವಂತರು. ಹೆಂಡ್ತಿ, ಮಗಳ ಹತ್ರ ಹೋದ್ರು" ಎಂದಳು. ನಾಯಕರು ತಂದುಕೊಟ್ಟ ಪೊಟ್ಟಣವನ್ನು ಎದೆಗೊತ್ತಿ ಹಿಡಿದು ಬಸ್ ಸ್ಟಾಪಿನ ಕಡೆ ನಡೆದಳು.

ನಾನು ಬಾಯಿ ಬಿಡಲಿಲ್ಲ. ಆದರೆ ನಿಮ್ಮ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ನೀವು ಅವಳನ್ನು ಎಲ್ಲಾದರೂ ಕಂಡರೆ ದಯವಿಟ್ಟು ಇದನ್ನು ಹೇಳಬೇಡಿ. ಇಡೀ ರಾತ್ರಿ ದುಡಿದು ಬರುತ್ತಾಳೆ, ಹಸಿದಿರುತ್ತಾಳೆ.