ಕೋಕೋ ಕೋಣೆಯ ಘಮಕ್ಕ

ಅಣ್ಣನ ಕೇಕ್ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಪುಟ್ಟ ಕೋಣೆಯೊಂದಿತ್ತು. ಅಲ್ಲಿ ಕೋಕೋ ಪುಡಿಯ ಡಬ್ಬಗಳಿಗೆ ಮಾತ್ರ ಜಾಗ. ಪಕ್ಕದಲ್ಲಿ ಕಾಫಿ ಪುಡಿ ಇಡುವಂತಿರಲಿಲ್ಲ, ಸೋಪಿನ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಪರರ ವಾಸನೆ ಹಿಡಿಯುವುದರಲ್ಲಿ ಕೋಕೋಗೆ ಮಹಾ ಅವಸರ, ಬಿಡುವುದರಲ್ಲಿ ಮಹಾ ಜಿಪುಣತನ ಎಂದು ಆ ಕೋಣೆ ನೋಡಿಕೊಳ್ಳುವ ತಂಗಿ ಹೇಳುತ್ತಿದ್ದಳು. ಹನ್ನೆರಡು ವರ್ಷಗಳಿಂದ ಪ್ರತಿ ಡಬ್ಬವನ್ನೂ ಅವಳು ಮೂಸಿದ ಮೇಲೆಯೇ ಹಿಟ್ಟಿಗೆ ಬೆರೆಸುತ್ತಿದ್ದರು. ಅವಳು ಬೇಡವೆಂದರೆ ಡಬ್ಬ ಸೀದಾ ಕಸಕ್ಕೆ. ಆರು ವರ್ಷ ದೊಡ್ಡವನಾದ ಅಣ್ಣನೂ ಅವಳನ್ನು ಘಮಕ್ಕ ಎಂದೇ ಕರೆಯುತ್ತಿದ್ದ.

ಆ ಘಮಕ್ಕನಿಗೆ ನಾಲ್ಕು ದಿನ ಜ್ವರ ಬಂತು. ಹೋಗುವಾಗ ಅದು ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು.

ಮೂರು ವಾರವಾದರೂ ಅವಳು ಯಾರಿಗೂ ಹೇಳಲಿಲ್ಲ. ಯಾರೋ ಲೋಕವನ್ನು ಗಾಜಿನ ಭರಣಿಯೊಳಗಿಟ್ಟು ಮುಚ್ಚಳ ತಿರುಗಿಸಿದಂತಿತ್ತು. ಎಲ್ಲವೂ ಕಾಣುತ್ತಿತ್ತು, ಯಾವುದೂ ತಲುಪುತ್ತಿರಲಿಲ್ಲ. ಒಲೆಯಿಂದ ಕೇಕ್ ಹೊರಬರುತ್ತಿತ್ತು, ಬೀದಿಯಲ್ಲಿ ಹೋಗುವವರು ನಿಂತು ಉಸಿರೆಳೆದುಕೊಳ್ಳುತ್ತಿದ್ದರು, ಅವಳು ನೀರಿನಡಿಯಿಂದೆಂಬಂತೆ ಅವರನ್ನು ನೋಡುತ್ತಿದ್ದಳು. ಡಬ್ಬ ತೆರೆದಾಗ ಎಂದಿನಂತೆ ಕಣ್ಣು ಮುಚ್ಚಿ ಬಾಗುತ್ತಿದ್ದಳು. ಆಗ ನೆನಪಿನಿಂದ ಘಮ ಏಳುತ್ತಿತ್ತು: ಹದವಾಗಿ ಹುರಿದ ಬೀಜ, ಒಣಗಿದ ಮರ, ಎಲ್ಲೋ ದೂರದಲ್ಲಿ ಒಂದು ಹಣ್ಣು. "ಚೆನ್ನಾಗಿದೆ" ಎನ್ನುತ್ತಿದ್ದಳು. ನೆನಪಿನಲ್ಲಿ ಯಾವ ಕೋಕೋ ತಾನೇ ಕೆಡುತ್ತದೆ? ಮೊದಲು ತಿಂಗಳಿಗೊಂದಾದರೂ ಡಬ್ಬ ಕಸಕ್ಕೆ ಹೋಗುತ್ತಿತ್ತು. ಈಗ ಎಲ್ಲವೂ ಚೆನ್ನಾಗಿಯೇ ಇದ್ದವು, ಅದೇ ಅವಳ ಭಯ. ನಿಜ ಹೇಳಿದರೆ ಕೋಣೆ ಕೈತಪ್ಪುತ್ತದೆ. ಹೇಳದಿದ್ದರೆ ಯಾರದೋ ಬಾಯಿಗೆ ಕೆಟ್ಟದ್ದು ಬೀಳುತ್ತದೆ. ನುಂಗಲಾರದೆ, ಉಗುಳಲಾರದೆ ಅವಳು ಒಂದು ಉಪಾಯ ಹೂಡಿದಳು. ಹತ್ತು ಡಬ್ಬಗಳನ್ನು ಕೆನೆಯ ಫ್ರಿಜ್ಜಿನಲ್ಲಿಟ್ಟಳು. ತಂಪಿನಲ್ಲಿ ಜಿಡ್ಡು ಕಮಟುವುದು ನಿಧಾನ, ಅಷ್ಟು ನಿಜ. ತಣ್ಣಗಿನ ಡಬ್ಬವನ್ನು ಬೆಚ್ಚನೆಯ ಗಾಳಿಗೆ ತೆರೆದರೆ ಒಳಗೆಲ್ಲ ಇಬ್ಬನಿ ಕೂರುತ್ತದೆ ಎಂಬ ಉಳಿದರ್ಧವನ್ನು ಎಲ್ಲರಿಗೂ ಕಲಿಸಿದ್ದವಳೇ ಅವಳು. ಹೆದರಿದ ಬುದ್ಧಿಗೆ ಅದು ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಅತ್ತಿಗೆ ಅದರಲ್ಲೊಂದನ್ನು ತೆರೆದು, ಒಲೆಯ ಪಕ್ಕದಲ್ಲಿಟ್ಟು, ಮೊಟ್ಟೆ ಕಲಕಲು ಹೋದಳು. ಮರಳಿ ಬಂದು ಜರಡಿ ಆಡಿಸಿದರೆ ಏನೂ ಉದುರಲೊಲ್ಲದು.

"ಏನಮ್ಮಾ ಇದು, ಪುಡಿ ಕೇಳಿದ್ರೆ ಗೋಲಿ ಕೊಟ್ಟಿದೀಯ?"

ಅಣ್ಣ ಡಬ್ಬ ಮುಟ್ಟಿ ನೋಡಿದ. "ತಣ್ಣಗಿದೆಯಲ್ಲೇ. ಫ್ರಿಜ್ಜಲ್ಲಿಟ್ಟಿದ್ಯಾ? ನಾನು ಒಂದ್ಸಲ ಇಟ್ಟಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದವಳು ನೀನು."

"ತೆಗೆಯೋಕೆ ಮುಂಚೆ ಬೆಚ್ಚಗಾಗೋಕೆ ಬಿಡಬೇಕಿತ್ತು. ಹೇಳೋದು ಮರೆತೆ."

"ನೀನು ಮರೆತೆಯಾ?"

ಅವಳು ಜರಡಿಯಲ್ಲಿದ್ದ ಉಂಡೆಗಳನ್ನು ನೋಡುತ್ತ ನಿಂತಳು. "ನಂಗೆ ವಾಸನೆ ಬರ್ತಿಲ್ಲ ಅಣ್ಣ. ಮೂರು ವಾರ ಆಯ್ತು. ಕೆಟ್ಟರೆ ಗೊತ್ತಾಗಲ್ಲ ಅಂತ ಅಲ್ಲಿಟ್ಟೆ."

ಅತ್ತಿಗೆ ಜರಡಿ ಕೆಳಗಿಟ್ಟಳು. ಆಮೇಲೆ ಕೇಳಿದಳು, "ಹಾಗಾದ್ರೆ ಮೊನ್ನೆ ನನ್ನ ಹೊಸ ಸೆಂಟು ಚೆನ್ನಾಗಿದೆ ಅಂದಿದ್ದು?"

"ನಿಮ್ಮ ಮುಖ ನೋಡಿ ಹೇಳಿದ್ದು ಅತ್ತಿಗೆ."

"ಹೇಳಿದ್ರೆ ಏನು ತಿಂದುಬಿಡ್ತಿದ್ವಾ?" ಅಣ್ಣನ ದನಿಯಲ್ಲಿ ಕೋಪಕ್ಕಿಂತ ನೋವು ಹೆಚ್ಚಿತ್ತು. "ಮೂರು ವಾರ ಜನ ತಿಂದಿದ್ದಾರೆ ಕಣೆ."

"ಅದಕ್ಕೇ ನಿದ್ದೆ ಬರ್ತಿಲ್ಲ."

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡಳು. "ಆಯ್ತು. ಫ್ರಿಜ್ಜಿನ ಒಂಬತ್ತನ್ನೂ ಈಚೆ ಇಡಿ, ಸಂಜೆವರೆಗೆ ಯಾರೂ ಮುಚ್ಚಳ ಮುಟ್ಟಬಾರದು. ಕೋಣೇಲಿರೋ ಡಬ್ಬಗಳನ್ನ ಈಗಲೇ ನೋಡೋಣ. ಮೂಗು ನಂದು, ಏನು ಹುಡುಕಬೇಕು ಅಂತ ನೀನು ಹೇಳು."

ಕೋಣೆಯ ಮಬ್ಬಿನಲ್ಲಿ ಇಬ್ಬರೂ ಮಂಡಿಯೂರಿ ಕೂತರು. ಕಂದು ಧೂಳು ಮೆಲ್ಲಗೆ ಎದ್ದು, ಇಳಿಯುವುದನ್ನು ಮರೆತಂತೆ ತೇಲುತ್ತಿತ್ತು. ಮೊದಲೆರಡು ಡಬ್ಬ ಪಾಸಾದವು. ಮೂರನೆಯದಕ್ಕೆ ಅತ್ತಿಗೆ ಹುಬ್ಬು ಗಂಟಿಕ್ಕಿದಳು.

"ಇದು... ಎಣ್ಣೆ ತಲೆ ಇಟ್ಟು ಇಟ್ಟು ಹಳೇದಾದ ದಿಂಬಿನ ಹಾಗಿದೆ."

ಕಮಟು. ಹನ್ನೊಂದು ದಿನದ ಹಿಂದೆ ಘಮಕ್ಕನೇ ಚೆನ್ನಾಗಿದೆ ಎಂದಿದ್ದ ಡಬ್ಬ, ಅರ್ಧ ಖಾಲಿಯಾಗಿತ್ತು. ಅವಳು ಅದನ್ನೆತ್ತಿ ತಾನೇ ಕಸಕ್ಕೆ ಸುರಿದು ಬಂದಳು. ಬಂದು ನಾಲ್ಕನೆಯ ಡಬ್ಬದ ಮುಚ್ಚಳ ತೆಗೆದಳು.

"ಇದು ಚೆನ್ನಾಗಿದೆ," ಎಂದಳು ಅತ್ತಿಗೆ.

"ಹಾಗಂದ್ರೆ ಆಗಲ್ಲ. ಮೊದಲು ಏನು ಬಂತು?"

"ಮೊದಲು... ಹುರಿದಿದ್ದು. ಆಮೇಲೆ ಬಿಸಿಲಿಗೆ ಕಾದ ಬಾಗಿಲು. ಕೊನೇಲಿ ಏನೋ ಹುಳಿ, ಕಣ್ಣಿಗೆ ಕಾಣದಷ್ಟು."

"ಇನ್ನೂ ಹೇಳಿ."

"ಇನ್ನೇನು ಹೇಳಲಿ ಮಾರಾಯ್ತಿ, ಡಬ್ಬ ಪಾಸು."

"ಗೊತ್ತು," ಎಂದಳು ಘಮಕ್ಕ, ಕಣ್ಣು ಮುಚ್ಚಿ. "ಆದ್ರೂ ಹೇಳಿ."

ಅತ್ತಿಗೆ ಅವಳನ್ನೊಮ್ಮೆ ನೋಡಿ, ಮತ್ತೆ ಡಬ್ಬಕ್ಕೆ ಬಾಗಿದಳು.